ಹಾಲು ಮತ್ತು ಕರುವಿನ ಪಾಲು

ಆಚಾರ್ಯ ಸಮಂತಭದ್ರರು ತಮ್ಮ ‘ಆಪ್ತಮೀಮಾಂಸೆ’ಯಲ್ಲಿ ವಸ್ತುವಿನ ಸ್ವರೂಪವನ್ನು ವಿವರಿಸುವಾಗ ಮೂವರು ವ್ರತಿಗಳ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಹಾಲಿನ ವ್ರತವುಳ್ಳವನು ಮೊಸರನ್ನು ಉಣ್ಣುವುದಿಲ್ಲ. ಮೊಸರಿನ ವ್ರತವುಳ್ಳವನು ಹಾಲನ್ನು ಕುಡಿಯುವುದಿಲ್ಲ. ಗೋರಸವನ್ನೇ ತ್ಯಜಿಸಿದವನು ಎರಡನ್ನೂ ಸ್ವೀಕರಿಸುವುದಿಲ್ಲ. ಹಾಲು ಹೆಪ್ಪುಗೊಂಡಾಗ ಹಾಲೆಂಬ ಪರ್ಯಾಯವು ಅಳಿಯಿತು, ಮೊಸರೆಂಬ ಪರ್ಯಾಯವು ಹುಟ್ಟಿತು, ಗೋರಸವೆಂಬುದು ಎರಡರಲ್ಲಿಯೂ ಉಳಿಯಿತು. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಗಹನವಾದ ತತ್ತ್ವತ್ರಯವನ್ನು ಅಡುಗೆಮನೆಯ ಒಂದು ಗಡಿಗೆಯಲ್ಲಿ ತೋರಿಸಿಕೊಟ್ಟ ಈ ದೃಷ್ಟಾಂತವು ಜೈನ ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ.

ಈ ದೃಷ್ಟಾಂತದಲ್ಲಿ ತರ್ಕದೊಂದಿಗೆ ಆಚಾರದ ಪಾಠವೊಂದು ಅಡಗಿದೆ. ಆ ಮೂವರೂ ತಾವು ಹಿಡಿದದ್ದೇನು, ಬಿಟ್ಟದ್ದೇನು ಎಂಬುದನ್ನು ಚೆನ್ನಾಗಿ ಅರಿತವರು. ಅವರ ಬಾಯಲ್ಲಿ ‘ಹಾಲು’ ಎಂಬ ಮಾತಿಗೆ ಖಚಿತವಾದ ಎಲ್ಲೆಯಿದೆ. ಇಂದಿನ ಶ್ರಾವಕರ ಮನೆಗಳಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವಿದೆ, ಕಂದಮೂಲಗಳ ವಿಚಾರವಿದೆ, ರಾತ್ರಿಭೋಜನದ ಚರ್ಚೆಯಿದೆ. ಹಾಲಿನ ವಿಷಯ ಬಂದಾಗ ಮಾತ್ರ, ಅದು ಎಂದಿನಿಂದಲೂ ನಿರ್ದೋಷವೆಂದು ಹೇಳಿ ಮಾತು ಮುಗಿಸುವುದುಂಟು. ಯಾವ ಹಾಲು, ಯಾರ ಹಾಲು, ಹೇಗೆ ಬಂದ ಹಾಲು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿದ ಸಮಾಜಕ್ಕೆ ಈ ಮೌನವು ಶೋಭಿಸುವುದಿಲ್ಲ.

ನುಡಿಯಲ್ಲಿ ಹಾಲು

ಕನ್ನಡದಲ್ಲಿ ಹಾಲು ಎಂಬುದು ಶುಭ್ರತೆಗೂ ನಿಷ್ಕಪಟತೆಗೂ ಮತ್ತೊಂದು ಹೆಸರು. ಹಾಲುಗೆನ್ನೆ, ಹಾಲುಹಲ್ಲು, ಹಾಲಿನಂಥ ಬೆಳದಿಂಗಳು, ಹಾಲಿನಂಥ ಮನಸ್ಸು ಎನ್ನುತ್ತೇವೆ. ಹೊಸ ಮನೆಯಲ್ಲಿ ಮೊದಲು ಹಾಲನ್ನು ಉಕ್ಕಿಸುತ್ತೇವೆ. ಹೊಂದಿ ಬಾಳುವವರನ್ನು ಕಂಡು ಹಾಲುಜೇನಿನಂತೆ ಎನ್ನುತ್ತೇವೆ; ಇದರಲ್ಲಿ ಜೇನನ್ನು ತ್ಯಜಿಸಿದ ಶ್ರಾವಕನೂ ಮಾತಿನ ಮಟ್ಟಿಗೆ ಜೇನನ್ನು ಉಳಿಸಿಕೊಂಡಿರುವುದು ಗಮನಿಸತಕ್ಕ ಸಂಗತಿ. ಎಕ್ಕ, ಕಳ್ಳಿಗಳ ಬಿಳಿಯ ರಸವೂ ಹಾಲೇ, ತುರಿದ ತೆಂಗಿನಕಾಯಿಯನ್ನು ಹಿಂಡಿದರೆ ಬರುವುದೂ ಹಾಲೇ, ಜೋಳದ ತೆನೆಯ ಎಳೆಗಾಳಿನಲ್ಲಿ ತುಂಬುವುದೂ ಹಾಲೇ. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರಲ್ಲಿ, ಸೋಯಾ ಮೊದಲಾದ ಸಸ್ಯಜನ್ಯ ಪಾನೀಯಗಳನ್ನು ಹಾಲೆಂಬ ಹೆಸರಿನಲ್ಲಿ ಮಾರುವಂತಿಲ್ಲವೆಂದೂ ಪಟ್ಟಿಯಲ್ಲಿ ಹೇಳಿದ ಕೆಲವಕ್ಕೆ ಮಾತ್ರ ವಿನಾಯಿತಿಯೆಂದೂ ತೀರ್ಪಿತ್ತಿತು. ಕನ್ನಡಿಗರ ಅಡುಗೆಮನೆಯು ಇಂಥ ತೀರ್ಪಿಗೆ ಕಾಯದೆ ತೆಂಗಿನಕಾಯಿಯ ಹಾಲಿನಲ್ಲಿ ಪಾಯಸವನ್ನು ಮಾಡುತ್ತ ಬಂದಿದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯೂ ನಮ್ಮಲ್ಲಿದೆ. ಇದು ಮೋಸಹೋಗುವವನಿಗೆ ಹೇಳಿದ ಎಚ್ಚರಿಕೆ. ಹಾಲಿನ ವ್ಯವಹಾರದಲ್ಲಿ ಮೋಸವೆಂದೊಡನೆ ಜನರ ಮನಸ್ಸಿಗೆ ಬರುವುದು ಹಾಲಿಗೆ ನೀರು ಬೆರೆಸುವುದು. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಮೋಸವನ್ನೂ, ಒಂದನ್ನು ತೋರಿಸಿ ಮತ್ತೊಂದನ್ನು ಮಾರುವ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದೆ. ನೀರು ಬೆರೆಸಿದವನು ಕೊಳ್ಳುವವನ ಪಾಲನ್ನು ಕದಿಯುತ್ತಾನೆ. ಅದಕ್ಕೆ ಕಾನೂನಿದೆ, ಗಾದೆಯಿದೆ, ದಂಡವಿದೆ. ಆದರೆ ಕರುವಿನ ಪಾಲನ್ನು ಕದ್ದರೆ? ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಶಾಸ್ತ್ರವು ಹೇಳಿರುವಾಗ, ಬಾಯಿಲ್ಲದ ಕರುವಿನಿಂದ ತೆಗೆದುಕೊಂಡದ್ದಕ್ಕೆ ನಮ್ಮ ನುಡಿಯಲ್ಲಿ ಹೆಸರೇ ಇಲ್ಲ.

ಪ್ರಕೃತಿಯಲ್ಲಿ ಹಾಲು

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಹಾಲು ಎಂಬ ಒಂದೇ ವಸ್ತುವಿಲ್ಲ. ಪ್ರತಿಯೊಂದು ಜಾತಿಯ ತಾಯಿಯೂ ತನ್ನ ಶಿಶುವಿನ ಅಗತ್ಯಕ್ಕೆ ತಕ್ಕ ಹಾಲನ್ನು ಪಡೆದಿದ್ದಾಳೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಉಳಿದದ್ದರಲ್ಲಿ ಕೊಬ್ಬು ಸುಮಾರು 4, ಪ್ರೋಟೀನು 3ಕ್ಕಿಂತ ಸ್ವಲ್ಪ ಹೆಚ್ಚು, ಲ್ಯಾಕ್ಟೋಸ್ ಎಂಬ ಸಕ್ಕರೆ 5ಕ್ಕಿಂತ ಸ್ವಲ್ಪ ಕಡಿಮೆ. ಎಮ್ಮೆಯ ಹಾಲಿನಲ್ಲಿ ಕೊಬ್ಬು 7ರ ಆಸುಪಾಸು. ಮಾನವಮಾತೆಯ ಹಾಲಿನಲ್ಲಿ ಪ್ರೋಟೀನು 1ರಷ್ಟು ಮಾತ್ರ, ಸಕ್ಕರೆ 7ರಷ್ಟು. ಮಾನವಶಿಶುವಿನ ತೂಕವು ಹುಟ್ಟಿದಾಗಿನದರ ಇಮ್ಮಡಿಯಾಗಲು ಸುಮಾರು ಐದು ತಿಂಗಳು ಬೇಕು. ಕರುವಿಗೆ ಒಂದೂವರೆ ತಿಂಗಳು ಸಾಕು. ಹಿಮಸಮುದ್ರಗಳಲ್ಲಿ ವಾಸಿಸುವ ಒಂದು ಬಗೆಯ ಸೀಲ್ ಪ್ರಾಣಿಯು ತನ್ನ ಮರಿಗೆ ನಾಲ್ಕು ದಿನ ಮಾತ್ರ ಹಾಲೂಡುತ್ತದೆ. ಆ ಹಾಲಿನಲ್ಲಿ ಕೊಬ್ಬು ನೂರಕ್ಕೆ 60ರಷ್ಟಿರುತ್ತದೆ. ಆಸ್ಟ್ರೇಲಿಯದ ಪ್ಲಾಟಿಪಸ್‌ಗೆ ಮೊಲೆತೊಟ್ಟುಗಳೇ ಇಲ್ಲ. ಚರ್ಮದಿಂದ ಒಸರುವ ಹಾಲನ್ನು ಮರಿಗಳು ನೆಕ್ಕುತ್ತವೆ. ಸ್ತನವೇ ಇಲ್ಲದ ಪಾರಿವಾಳವೂ ತನ್ನ ಗಂಟಲಚೀಲದ ಒಳಪದರದಲ್ಲಿ ಹಾಲಿನಂಥ ಆಹಾರವನ್ನು ತಯಾರಿಸಿ ಮರಿಗಳ ಬಾಯಿಗೆ ನೀಡುತ್ತದೆ.

ಈ ವೈವಿಧ್ಯದಲ್ಲೆಲ್ಲ ಕಾಣುವ ನಿಯಮ ಒಂದೇ. ಹಾಲು ಹುಟ್ಟುವುದು ಶಿಶುವಿಗಾಗಿ. ಹಸುವು ಗಬ್ಬವಾಗದೆ, ಸುಮಾರು 280 ದಿನಗಳ ಗರ್ಭವನ್ನು ಹೊತ್ತು ಕರು ಹಾಕದೆ, ಸ್ವಭಾವತಃ ಹಾಲು ಕೊಡುವುದಿಲ್ಲ. ಕರುವು ಕೆಚ್ಚಲಿಗೆ ಬಾಯಿಟ್ಟಾಗ ತಾಯಿಯ ಮಿದುಳಿನ ಕೆಳಗಿರುವ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸವು ರಕ್ತಕ್ಕೆ ಸೇರಿ ಹಾಲಿಳಿಯುತ್ತದೆ. ನಾಡತಳಿಯ ಅನೇಕ ಹಸುಗಳು ಕರುವಿನ ಸಾನ್ನಿಧ್ಯವಿಲ್ಲದೆ ಹಾಲನ್ನು ಇಳಿಸುವುದಿಲ್ಲ. ಆದುದರಿಂದಲೇ ಹಳ್ಳಿಯಲ್ಲಿ ಕರುವನ್ನು ಮೊದಲು ಬಿಟ್ಟು ಅನಂತರ ಕರೆಯುವ ಪದ್ಧತಿ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವ ಪದ್ಧತಿಯೂ ನಮ್ಮ ದೇಶದಲ್ಲಿ ಇತ್ತೆಂಬುದನ್ನು ಮರೆಯಬಾರದು. ಹಸು ಆ ತೊಗಲನ್ನು ನೆಕ್ಕಿ ಹಾಲಿಳಿಸುತ್ತಿತ್ತು. ವಾತ್ಸಲ್ಯವನ್ನು ಇಷ್ಟು ನಿರ್ದಯವಾಗಿ ವಂಚಿಸುವ ಬುದ್ಧಿ ಮನುಷ್ಯನಿಗೆ ಮಾತ್ರ ಸಾಧ್ಯ.

ಈದ ಮೊದಲ ದಿನಗಳ ದಪ್ಪ ಹಾಲಿಗೆ ನಾವು ಗಿಣ್ಣುಹಾಲು ಎನ್ನುತ್ತೇವೆ. ರೋಗಗಳನ್ನು ಎದುರಿಸುವ ಶಕ್ತಿಯು ಮಾನವಶಿಶುವಿಗೆ ಬಹುಮಟ್ಟಿಗೆ ಗರ್ಭದಲ್ಲಿಯೇ ತಾಯಿಯಿಂದ ಬರುತ್ತದೆ. ಕರುವಿಗೆ ಹಾಗಲ್ಲ. ಅದು ಹುಟ್ಟಿದ ಮೊದಲ ದಿನದೊಳಗೆ, ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿ, ಗಿಣ್ಣುಹಾಲಿನಿಂದಲೇ ಅದನ್ನು ಪಡೆಯಬೇಕು. ಆ ಹಾಲು ತಪ್ಪಿದ ಕರು ಸಣ್ಣ ರೋಗಕ್ಕೂ ಬಲಿಯಾಗುತ್ತದೆ.

ಶಾಸ್ತ್ರದಲ್ಲಿ ಹಾಲು

ಇಲ್ಲಿ ಶ್ರಾವಕಾಚಾರದ ಒಂದು ಹಳೆಯ ನಿಯಮವು ಹೊಸ ಅರ್ಥದಿಂದ ಬೆಳಗುತ್ತದೆ. ಈದ ಎಮ್ಮೆಯ ಹಾಲನ್ನು 15 ದಿನ, ಹಸುವಿನ ಹಾಲನ್ನು 10 ದಿನ, ಆಡಿನ ಹಾಲನ್ನು 8 ದಿನ ಬಳಸಬಾರದೆಂದು ದಿಗಂಬರ ಪರಂಪರೆಯ ಸೂತಕ ವಿಚಾರದಲ್ಲಿ ಹೇಳಿದೆ. ಇದನ್ನು ಮಡಿಮೈಲಿಗೆಯ ಮಾತೆಂದು ಮಾತ್ರ ತಿಳಿಯುವವರಿದ್ದಾರೆ. ಆದರೆ ಅದರ ಫಲವೇನೆಂದು ನೋಡಿದರೆ, ಕರುವಿಗೆ ಅತ್ಯಗತ್ಯವಾದ ದಿನಗಳಲ್ಲಿ ತಾಯಿಯ ಹಾಲು ಕರುವಿಗೇ ಉಳಿಯುತ್ತದೆ. ಈ ನಿಯಮವನ್ನು ಪಾಲಿಸುವ ಮನೆಯಲ್ಲಿ ಗಿಣ್ಣು ಸಿಹಿತಿಂಡಿಯಾಗಿ ತಟ್ಟೆಗೆ ಬರುವುದಿಲ್ಲ.

ಹಾಲನ್ನು ಕರೆದ ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷಗಳೊಳಗೆ, ಸೋಸಿ ಕಾಯಿಸಬೇಕೆಂಬುದು ಮತ್ತೊಂದು ನಿಯಮ. ಬೆಣ್ಣೆಯನ್ನು ಇಟ್ಟು ಬಳಸಬಾರದೆಂಬುದಕ್ಕೂ, ಕಾಯಿಸದ ಹಾಲುಮೊಸರುಗಳನ್ನು ದ್ವಿದಳ ಧಾನ್ಯದೊಡನೆ ಸೇರಿಸಬಾರದೆಂಬುದಕ್ಕೂ ಸೂಕ್ಷ್ಮಜೀವಗಳ ಉತ್ಪತ್ತಿಯೇ ಕಾರಣವಾಗಿ ಹೇಳಲ್ಪಟ್ಟಿದೆ. ರಸಪರಿತ್ಯಾಗವೆಂಬ ಬಾಹ್ಯ ತಪಸ್ಸಿನಲ್ಲಿ ಬಿಡತಕ್ಕ ಆರು ರಸಗಳಲ್ಲಿ ಹಾಲು, ಮೊಸರು, ತುಪ್ಪ ಮೂರೂ ಸೇರಿವೆ. ಇವೆಲ್ಲವನ್ನೂ ಒಟ್ಟಾಗಿ ನೋಡಿದರೆ, ಪೂರ್ವಾಚಾರ್ಯರು ಹಾಲಿಗೆ ಅನುಮತಿಯಿತ್ತದ್ದು ನಿಜ; ಆದರೆ ಅದು ಷರತ್ತುಗಳಿಗೆ ಒಳಪಟ್ಟ ಅನುಮತಿ ಎಂಬುದು ಸ್ಪಷ್ಟವಾಗುತ್ತದೆ.

ಆ ಷರತ್ತುಗಳಲ್ಲಿ ಮುಖ್ಯವಾದುದು ಅಹಿಂಸಾಣುವ್ರತದ ಅತಿಚಾರಗಳಲ್ಲಿದೆ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು ಅತಿಚಾರಗಳನ್ನು ಎಣಿಸುತ್ತದೆ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಪ್ರಾಣವನ್ನು ತೆಗೆಯದಿದ್ದರೂ ಕಟ್ಟಿಹಾಕಿ ಹಿಂಸಿಸುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಶಕ್ತಿಮೀರಿ ಹೊರಿಸುವುದು, ಅನ್ನ ನೀರುಗಳನ್ನು ತಡೆಯುವುದು, ಇವೆಲ್ಲ ವ್ರತಕ್ಕೆ ಕಳಂಕ. ಈ ಐದೂ ಮಾತುಗಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದಂತಿವೆ. ಕರುವನ್ನು ಮೊಲೆಯಿಂದ ಎಳೆದು ಗೂಟಕ್ಕೆ ಕಟ್ಟಿ, ಅದು ನೋಡುತ್ತಿರುವಾಗಲೇ ಕೆಚ್ಚಲನ್ನು ಬರಿದುಮಾಡುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಹಳ್ಳಿಯ ಅನೇಕ ಮನೆಗಳಲ್ಲಿ ಒಂದು ಮೊಲೆಯನ್ನು ಕರೆಯದೆ ಕರುವಿಗೆ ಬಿಡುವ ರೂಢಿಯಿತ್ತು. ಆ ಒಂದು ಮೊಲೆಯಲ್ಲಿ ಧರ್ಮ ಉಳಿದಿತ್ತು.

ಬದಲಾದ ಕಾಲ

ಹಿಂದಿನ ಗೃಹಸ್ಥನಿಗೆ ಹೆಣ್ಣುಗರುವಿನಷ್ಟೇ ಹೋರಿಗರುವೂ ಆಸ್ತಿ. ಅದು ಬೆಳೆದು ಎತ್ತಾಗಿ ನೇಗಿಲನ್ನೆಳೆಯುತ್ತಿತ್ತು, ಗಾಡಿಗೆ ಹೂಡುತ್ತಿತ್ತು, ಗಾಣವನ್ನೂ ಕಪಿಲೆಯನ್ನೂ ತಿರುಗಿಸುತ್ತಿತ್ತು. ಇಂದು ಹೊಲಕ್ಕೆ ಟ್ರ್ಯಾಕ್ಟರು, ಬಾವಿಗೆ ಪಂಪು, ಸಾಗಣೆಗೆ ಲಾರಿ ಬಂದಿವೆ. ಹೋರಿಗರುವಿಗೆ ಕೆಲಸವಿಲ್ಲ, ಕೆಲಸವಿಲ್ಲದ ಪ್ರಾಣಿಗೆ ಮೇವಿಲ್ಲ.

ಇದೇ ಅವಧಿಯಲ್ಲಿ ಹಾಲಿನ ಉತ್ಪಾದನೆಯು ಅಪಾರವಾಗಿ ಬೆಳೆಯಿತು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹುಟ್ಟಿದ ಹಾಲು ಉತ್ಪಾದಕರ ಸಹಕಾರ ಚಳವಳಿಯು 1970ರಿಂದ 1996ರವರೆಗೆ ನಡೆದ ಕ್ಷೀರಧಾರೆ ಯೋಜನೆಯ ಮೂಲಕ ದೇಶವನ್ನು ವ್ಯಾಪಿಸಿತು. 1950–51ರಲ್ಲಿ ಭಾರತದ ಹಾಲಿನ ಉತ್ಪಾದನೆ 1 ಕೋಟಿ 70 ಲಕ್ಷ ಟನ್ನುಗಳಾಗಿದ್ದರೆ, 2023–24ರಲ್ಲಿ ಅದು 23 ಕೋಟಿ 93 ಲಕ್ಷ ಟನ್ನುಗಳನ್ನು ಮುಟ್ಟಿತು. ಲಕ್ಷಾಂತರ ಬಡ ಕುಟುಂಬಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಹಾಲಿನ ಹಣವು ಆಸರೆಯಾಯಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಮತ್ತೊಂದು ಅಂಕಿಯನ್ನೂ ಎದುರಿಗೆ ಇಟ್ಟುಕೊಳ್ಳಬೇಕು. 2019ರ ಜಾನುವಾರು ಗಣತಿಯಲ್ಲಿ ದೇಶದ ಗೋಸಂತತಿಯಲ್ಲಿ ಹೆಣ್ಣು ಸುಮಾರು 14 ಕೋಟಿ 51 ಲಕ್ಷ, ಗಂಡು ಸುಮಾರು 4 ಕೋಟಿ 74 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಹೆಣ್ಣಿನ ಸಂಖ್ಯೆ ನೂರಕ್ಕೆ 18ರಷ್ಟು ಏರಿತ್ತು, ಗಂಡಿನ ಸಂಖ್ಯೆ ನೂರಕ್ಕೆ 30ರಷ್ಟು ಇಳಿದಿತ್ತು. ಹುಟ್ಟುವಾಗ ಗಂಡುಹೆಣ್ಣು ಬಹುತೇಕ ಸಮ. ಹಾಗಾದರೆ ಉಳಿದ ಗಂಡುಗರುಗಳೆಲ್ಲಿ ಹೋದವು? ಕೆಲವು ಮೇವು ಹಾಲುಗಳಿಲ್ಲದೆ ಕೊಟ್ಟಿಗೆಯಲ್ಲಿಯೇ ಸೊರಗಿ ಸತ್ತವು, ಕೆಲವು ಬೀದಿಗೆ ಬಿದ್ದವು, ಕೆಲವು ಕಟುಕನ ಕೈಗೆ ಹೋದವು. ಕರ್ನಾಟಕದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯು ಗೋಸಂತತಿಯ ವಧೆಯನ್ನು ನಿಷೇಧಿಸಿತು. ಅದರಲ್ಲಿ 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ರಕ್ಷಣೆಯಿರಲಿಲ್ಲ. ಕಾಯ್ದೆಯು ಕತ್ತಿಯನ್ನು ತಡೆಯಬಲ್ಲುದು, ಹಸಿವನ್ನು ತಡೆಯಲಾರದು. ಮೇವು ಹಾಕುವ ಕೈ ಬೇರೆಯೇ ಬೇಕು.

ಬೆಳಗಾವಿ ಸೀಮೆಯ ಒಂದು ಶ್ರಾವಕ ಮನೆತನದಲ್ಲಿ ನಡೆದ ಮಾತುಕತೆಯೊಂದು ಈ ಸಂದರ್ಭದಲ್ಲಿ ಸ್ಮರಣೀಯ. ಅಣ್ಣ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರಿ, ತಮ್ಮ ಹಳ್ಳಿಯಲ್ಲಿ ಒಕ್ಕಲುತನ ಮಾಡುವವನು. ತಮ್ಮನ ಎಮ್ಮೆಯ ಹಾಲು ತುಪ್ಪಗಳು ಅಣ್ಣನ ಮನೆಗೆ ಬರುತ್ತಿದ್ದವು. ತಿಂಗಳ ಕೊನೆಗೆ ಲೆಕ್ಕ ಚುಕ್ತವಾಗುತ್ತಿತ್ತು. ಎಮ್ಮೆಯು ಎರಡನೆಯ ಸಲವೂ ಗಂಡುಗರುವನ್ನೇ ಹಾಕಿದಾಗ ತಮ್ಮನು ಅದನ್ನು ಮಾರುವ ವಿಚಾರವನ್ನೆತ್ತಿದನು. ಅಣ್ಣನು ಧರ್ಮದ ಮಾತನ್ನಾಡಿದನು. ತಮ್ಮನು ಸಿಟ್ಟಾಗದೆ, “ಅಣ್ಣಾ, ಹಾಲು ನಿಮ್ಮ ಮನೀಗೆ ಬರತೈತಿ, ಕರು ನನ್ನ ಕೊಟ್ಟಿಗ್ಯಾಗ ಉಳೀತೈತಿ. ಹಾಲಿನ ಲೆಕ್ಕ ನೀವು ಬರೀತೀರಿ. ಕರುವಿನ ಲೆಕ್ಕ ಯಾರು ಬರೀಬೇಕು?” ಎಂದನು. ಅಣ್ಣನಿಗೆ ಉತ್ತರ ಹೊಳೆಯಲಿಲ್ಲ. ಮುಂದಿನ ತಿಂಗಳಿನಿಂದ ಅವನ ವಹಿಯಲ್ಲಿ ಹಾಲಿನ ಖಾತೆಯ ಕೆಳಗೆ ಕರುವಿನ ಮೇವಿನ ಖಾತೆಯೊಂದು ತೆರೆಯಿತು. ಖರ್ಚು ಏರಿದ್ದರಿಂದ ಮನೆಯಲ್ಲಿ ತುಪ್ಪದ ಬಳಕೆ ಅರ್ಧಕ್ಕಿಳಿಯಿತು. ಯಾರಿಗೂ ಅದರಿಂದ ಕೊರತೆಯಾಗಲಿಲ್ಲ.

ತಮ್ಮನ ಪ್ರಶ್ನೆಯು ಒಂದು ಮನೆಯದಲ್ಲ, ಇಡೀ ಸಮಾಜದ್ದು. ಹಾಲಿನ ಪೊಟ್ಟಣದ ಬೆಲೆಯಲ್ಲಿ ಹಿಂಡಿ, ಕೂಲಿ, ಸಾಗಣೆ, ಶೀತಲೀಕರಣ, ಲಾಭ ಎಲ್ಲಕ್ಕೂ ಲೆಕ್ಕವಿದೆ. ಗಂಡುಗರುವಿಗೂ ಬತ್ತಿದ ಹಸುವಿಗೂ ಅದರಲ್ಲಿ ಪಾಲಿಲ್ಲ. ನಿಜವಾದ ಖರ್ಚನ್ನು ಬರೆಯದ ವಹಿಯು ತೋರಿಸುವ ಲಾಭವು ಲಾಭವಲ್ಲವೆಂಬುದು ವ್ಯಾಪಾರಿ ಸಮಾಜಕ್ಕೆ ಹೇಳಿಕೊಡಬೇಕಾದ ಮಾತಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಆಸ್ರವವಾಗುವುದೆಂದು ತಿಳಿದವನು, ಕೊಳ್ಳುವವನಿಗೆ ಪಾಪವಿಲ್ಲವೆಂದು ಹೇಳಲಾರನು.

ಮಾತು ಮತ್ತು ಭಾವ

ಮಹಾತ್ಮಾ ಗಾಂಧಿಯವರ ಜೀವನದಲ್ಲಿ ಹಾಲಿನ ಪ್ರಶ್ನೆಯು ದೊಡ್ಡ ಧರ್ಮಸಂಕಟವಾಗಿ ಬಂದಿತು. ಹಾಲು ಇಂದ್ರಿಯವಿಕಾರವನ್ನು ಕೆರಳಿಸುತ್ತದೆಂಬ ವಿಚಾರವನ್ನು ಅವರು ಮೊದಲು ಕೇಳಿದ್ದು ಮುಂಬಯಿಯ ಜವಾಹಿರ ವ್ಯಾಪಾರಿಯೂ ಅಧ್ಯಾತ್ಮ ಸಾಧಕರೂ ಆಗಿದ್ದ ಶ್ರೀಮದ್ ರಾಜಚಂದ್ರರಿಂದ. ಮುಂದೆ, ಹಸುವಿನ ಗುಹ್ಯಾಂಗಕ್ಕೆ ಗಾಳಿಯೂದಿ ಹಾಲನ್ನು ಇಳಿಸುವ ‘ಫೂಕಾ’ ಎಂಬ ಕ್ರೂರ ಪದ್ಧತಿಯನ್ನು ಓದಿ ತಿಳಿದು, 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಹಾಲನ್ನು ತ್ಯಜಿಸಿದರು. 1918ರಲ್ಲಿ ಕಠಿಣವಾದ ಕಾಯಿಲೆ ಬಂದು ದೇಹ ಬಹಳ ಕ್ಷೀಣಿಸಿತು. ವ್ರತವಿದ್ದದ್ದು ಹಸು ಎಮ್ಮೆಗಳ ಹಾಲಿಗೆ, ಆಡಿನ ಹಾಲಿಗೇನು ಅಡ್ಡಿ ಎಂದು ಕಸ್ತೂರಬಾ ಅವರು ಸೂಚಿಸಲು, ಗಾಂಧೀಜಿ ಒಪ್ಪಿದರು. ಆದರೆ ಆತ್ಮಕಥೆಯಲ್ಲಿ ಅವರು ಇದನ್ನು ಸಮರ್ಥಿಸಿಕೊಳ್ಳಲಿಲ್ಲ. ವ್ರತದ ಅಕ್ಷರವು ಉಳಿದು ಭಾವವು ಮುರಿಯಿತೆಂದು ನೊಂದು ಬರೆದರು. ಅದೇ ಫೂಕಾ ಪದ್ಧತಿಯನ್ನೂ, ಹಾಲನ್ನು ಹೆಚ್ಚಿಸಲೆಂದು ಪ್ರಾಣಿಯ ಆರೋಗ್ಯಕ್ಕೆ ಹಾನಿಕರವಾದ ಚುಚ್ಚುಮದ್ದು ಕೊಡುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಕಲಮು ದಂಡಾರ್ಹ ಅಪರಾಧವನ್ನಾಗಿ ಮಾಡಿತು.

ಹಾಲಿನ ವಿಷಯದಲ್ಲಿ ಇಂದಿನ ಶ್ರಾವಕರ ಸ್ಥಿತಿಯೂ ಇದಕ್ಕೆ ಸಮೀಪವಾಗಿದೆ. ಶಾಸ್ತ್ರದಲ್ಲಿ ಹಾಲಿಗೆ ನಿಷೇಧವಿಲ್ಲವೆಂಬ ಅಕ್ಷರ ನಮ್ಮ ಬಳಿ ಇದೆ. ಕರುವು ಉಂಡು ಉಳಿದದ್ದು ಗೃಹಸ್ಥನಿಗೆಂಬ ಭಾವವು ಕೈಜಾರಿದೆ. ಕನ್ನಡಿಗರೆಲ್ಲರೂ ಬಲ್ಲ ‘ಗೋವಿನ ಹಾಡು’ ಕೂಡ ಈ ಭಾವದ ಮೇಲೆಯೇ ನಿಂತಿದೆ. ಪುಣ್ಯಕೋಟಿಯು ಹುಲಿಯಲ್ಲಿ ಬೇಡಿದ್ದು ತನ್ನ ಪ್ರಾಣವನ್ನಲ್ಲ, ಕರುವಿಗೆ ಮೊಲೆಯೂಡಿ ಬರುವಷ್ಟು ಸಮಯವನ್ನು. ಹುಲಿಯು ಕೊಟ್ಟ ಆ ಸಮಯವನ್ನು ಮನುಷ್ಯನು ಕೊಡಲಾರದೆ ಹೋಗಬಾರದು.

ಆಹಾರದಲ್ಲಿ ಹಾಲು

ಹಾಲಿಲ್ಲದೆ ದೇಹ ನಡೆಯುವುದೇ ಎಂಬ ಶಂಕೆಗೆ ನ್ಯಾಯವಾದ ಉತ್ತರ ಕೊಡಬೇಕು. ಬಾಲ್ಯವು ಕಳೆದ ಮೇಲೆ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿಯು ಜಗತ್ತಿನ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಕುಗ್ಗುತ್ತದೆ. ಮೊಸರಿನಲ್ಲಿ ಆ ಸಕ್ಕರೆಯ ಒಂದಂಶವು ಹುಳಿಯಾಗಿ ಮಾರ್ಪಟ್ಟಿರುವುದರಿಂದ ಅದು ಅನೇಕರಿಗೆ ಸುಲಭವಾಗಿ ಒಗ್ಗುತ್ತದೆ. ಸುಣ್ಣದ ಅಂಶವು ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ, ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇದೆ, ಎಳ್ಳಿನಲ್ಲಿಯೂ ಹೇರಳವಾಗಿದೆ. ಆದರೆ ಬಿ-12 ಜೀವಸತ್ವವು ಸಸ್ಯಾಹಾರದಲ್ಲಿ ಸಿಗುವುದಿಲ್ಲ. ಹಾಲನ್ನು ಸಂಪೂರ್ಣವಾಗಿ ಬಿಡುವವರು ಅದನ್ನು ವೈದ್ಯರ ಸಲಹೆಯಂತೆ ಬೇರೆ ರೂಪದಲ್ಲಿ ತೆಗೆದುಕೊಳ್ಳಲೇಬೇಕು. ಮಕ್ಕಳು, ಗರ್ಭಿಣಿಯರು, ವೃದ್ಧರು ಆವೇಶದಿಂದ ವ್ರತ ತೊಡುವುದು ಉಚಿತವಲ್ಲ. ತನ್ನ ದೇಹವನ್ನು ಅಜ್ಞಾನದಿಂದ ಪೀಡಿಸುವುದೂ ಹಿಂಸೆಯೇ.

ಹಾಲು ಉಪ್ಪುಸಕ್ಕರೆಗಳಂತೆ ಎಲ್ಲದರಲ್ಲಿಯೂ ಸೇರಿಹೋಗಿರುವುದು ಈಚಿನ ಸಂಗತಿ. ಮದುವೆಯ ಊಟದಲ್ಲಿ ಖೋವಾ, ಪನೀರು, ಬೆಣ್ಣೆ, ಐಸ್‌ಕ್ರೀಮುಗಳಿಗಾಗಿ ಹರಿಯುವ ಹಾಲು ದೇಹದ ಅಗತ್ಯಕ್ಕೆ ಹರಿದದ್ದಲ್ಲ, ಪ್ರತಿಷ್ಠೆಗೆ ಹರಿದದ್ದು. ಅಗತ್ಯಕ್ಕೂ ಪ್ರತಿಷ್ಠೆಗೂ ನಡುವೆ ಗೆರೆಯನ್ನೆಳೆಯುವುದೇ ಭೋಗೋಪಭೋಗ ಪರಿಮಾಣ ವ್ರತ.

ಪೂಜೆಯಲ್ಲಿ ಹಾಲು

ಜಿನಾಲಯದ ಕ್ಷೀರಾಭಿಷೇಕದ ಪ್ರಶ್ನೆಯೂ ಇಲ್ಲಿ ಬರುತ್ತದೆ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವು ಇದಕ್ಕೆ ಉತ್ತರವನ್ನು ಎಂದೋ ಹೇಳಿಟ್ಟಿದೆ. ಗೊಮ್ಮಟೇಶ್ವರನ ಪ್ರತಿಷ್ಠೆಯ ಕಾಲದಲ್ಲಿ ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ಎರೆದರೂ ಅದು ಪಾದವನ್ನು ಮುಟ್ಟಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತುಸು ಹಾಲು ಮೂರ್ತಿಯ ಅಡಿಮುಡಿಗಳನ್ನು ತೋಯಿಸಿತು. ಆ ಅಜ್ಜಿಯ ಮೂರ್ತಿಯು ಇಂದಿಗೂ ಭಗವಂತನ ಎದುರಿನಲ್ಲಿಯೇ ನಿಂತಿದೆ. ಹಾಲಿನ ಪ್ರಮಾಣವನ್ನಲ್ಲ, ಅದರ ಹಿಂದಿನ ಭಾವಶುದ್ಧಿಯನ್ನು ನೋಡಬೇಕೆಂಬುದೇ ಇದರ ತಾತ್ಪರ್ಯ. ಕರುವಿಗೆ ತುಂಬ ಉಣಿಸಿದ ಹಸುವಿನ ಒಂದು ಬಟ್ಟಲು ಹಾಲು, ಮೂಲವನ್ನು ವಿಚಾರಿಸದೆ ತರಿಸಿದ ನೂರು ಕೊಡಗಳಿಗಿಂತ ಮೇಲು.

ಅನೇಕಾಂತವಾದಿಯು ಹಾಲಿನ ವಿಷಯದಲ್ಲಿ ಒಂದೇ ವಿಧಿಯನ್ನು ಎಲ್ಲರ ಮೇಲೆ ಹೇರುವುದಿಲ್ಲ. ಆದರೆ ಅನೇಕಾಂತವೆಂದರೆ ಎಲ್ಲವೂ ಸರಿಯೆಂಬ ಸೋಮಾರಿತನವಲ್ಲ. ಸಮಂತಭದ್ರರು ಹೇಳಿದ ಮೂವರಲ್ಲಿ ಒಬ್ಬನಂತಾಗಿ, ತನ್ನ ಶಕ್ತಿಗೆ ತಕ್ಕ ವ್ರತವನ್ನು ತಿಳಿದು ಹಿಡಿಯುವ ಸ್ವಾತಂತ್ರ್ಯ ಪ್ರತಿಯೊಬ್ಬ ಶ್ರಾವಕನಿಗಿದೆ. ಸಮರ್ಥನಾದವನು ಗೋರಸವನ್ನು ಪೂರ್ಣವಾಗಿ ಬಿಡಲಿ. ಅಷ್ಟು ಆಗದವನು ಪರ್ವದಿನಗಳಲ್ಲಿ ಬಿಡಲಿ, ಉಳಿದ ದಿನಗಳಲ್ಲಿ ಮಿತಿಯನ್ನಿಡಲಿ. ಹಸುವನ್ನು ಸಾಕುವವನು ಕರುವಿಗೆ ಮೊದಲ ಪಾಲನ್ನು ಕೊಡಲಿ, ಬತ್ತಿದ ಹಸುವನ್ನೂ ಗಂಡುಗರುವನ್ನೂ ಹೊರಗಟ್ಟದಿರಲಿ. ಕೊಂಡು ಕುಡಿಯುವವನು ತನ್ನ ಹಾಲಿನ ಖರ್ಚಿಗೆ ತಕ್ಕಷ್ಟನ್ನು ಗೋಶಾಲೆಗೆ, ಪಾಂಜರಪೋಳಕ್ಕೆ ಎತ್ತಿಡಲಿ; ಅದನ್ನು ದಾನವೆಂದು ಬರೆಯದೆ ಬಾಕಿ ಸಂದಾಯವೆಂದು ಬರೆದುಕೊಳ್ಳಲಿ.

ಹಾಲುನೀರುಗಳಂತೆ ಬೆರೆತ ಜೀವಕರ್ಮಗಳನ್ನು ಬೇರ್ಪಡಿಸುವುದೇ ಮುಕ್ತಿಮಾರ್ಗವೆಂದು ಆಚಾರ್ಯರು ಹೇಳಿದ್ದಾರೆ. ಆ ಮಹಾವಿವೇಕಕ್ಕೆ ಮೊದಲ ಅಭ್ಯಾಸವಾಗಿ, ನಮ್ಮ ಬಟ್ಟಲಿನಲ್ಲಿರುವ ಹಾಲಿನಲ್ಲಿ ನಮ್ಮ ಪಾಲೆಷ್ಟು, ಕರುವಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಪ್ರತಿಯೊಬ್ಬ ಶ್ರಾವಕನ ಕರ್ತವ್ಯವಾಗಿದೆ.